ಚಿಲ್ಲರೆ ಕಾಸಿಗೆ ಘನತೆ ತಂದ ಮ್ಯಾಥ್ಯೂ ಬೌಲ್ಟನ್

ಕನ್ನಡದಲ್ಲಿ ಚಿಲ್ಲರೆ ಎಂಬ ಮಾತಿಗೆ ಎರಡು ಅರ್ಥ. ಒಂದು ಸಣ್ಣ ಬೆಲೆಯ ನಾಣ್ಯ, ಇನ್ನೊಂದು ಲೆಕ್ಕಕ್ಕೆ ಬಾರದ ವಸ್ತು. ನಾಣ್ಯಗಳ ಚರಿತ್ರೆಯಲ್ಲಿಯೂ ಬಹುಕಾಲ ನಡೆದುಬಂದದ್ದು ಇದೇ ತಾರತಮ್ಯ. ಚಿನ್ನದ ವರಹ, ಮೊಹರು, ಗಿನಿಗಳ ಮೇಲೆ ಅರಸರು ತೋರಿದ ಕಾಳಜಿಯನ್ನು ತಾಮ್ರದ ಕಾಸಿನ ಮೇಲೆ ತೋರಿದವರು ವಿರಳ. ಆದರೆ ದಿನಗೂಲಿಯವನ ಅಂಗೈಗೆ ಬರುತ್ತಿದ್ದುದು ಆ ತಾಮ್ರದ ಕಾಸೇ. ಅದು ಖೋಟಾ ಆದರೆ ಅವನ ಒಂದು ದಿನದ ದುಡಿಮೆಯೂ ಖೋಟಾ.

ಈ ಅನ್ಯಾಯವನ್ನು ಯಂತ್ರದ ಬಲದಿಂದ ಸರಿಪಡಿಸಲು ಹೊರಟವನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ನಗರದ ಉದ್ಯಮಿ ಮ್ಯಾಥ್ಯೂ ಬೌಲ್ಟನ್. ಉಗಿಯಂತ್ರದ ಜೇಮ್ಸ್ ವಾಟ್‌ನ ಪಾಲುದಾರನೆಂದು ಪಠ್ಯಪುಸ್ತಕಗಳು ಅವನನ್ನು ನೆನೆಯುತ್ತವೆ. ನಾಣ್ಯ ಸಂಗ್ರಾಹಕರು ನೆನೆಯುವುದು ಬೇರೊಂದು ಕಾರಣಕ್ಕೆ. ಪೆನ್ನಿ, ಅರೆಪೆನ್ನಿ, ಫಾರ್ದಿಂಗ್, ಕಾಸಿನಂಥ ಅತಿ ಸಣ್ಣ ನಾಣ್ಯಗಳಲ್ಲಿಯೂ ಅಚ್ಚುಕಟ್ಟಾದ ಪ್ರೂಫ್ ನಾಣ್ಯಗಳನ್ನು ಹೊರತಂದು, ಅವುಗಳ ಸಂಗ್ರಹಕ್ಕೆ ಭದ್ರವಾದ ಬುನಾದಿ ಹಾಕಿದವನು ಅವನು. ನಮ್ಮ ನಾಡಿನ ಶ್ರೀರಂಗಪಟ್ಟಣದ ಪತನಕ್ಕೂ ಅವನ ಕಾರ್ಖಾನೆಗೂ ಒಂದು ಕಹಿ ನಂಟುಂಟು.

ಬಕಲ್ ತಯಾರಕನ ಮಗ

ಬೌಲ್ಟನ್ ಹುಟ್ಟಿದ್ದು 1728ರ ಸೆಪ್ಟೆಂಬರ್‌ನಲ್ಲಿ, ಬರ್ಮಿಂಗ್‌ಹ್ಯಾಂನಲ್ಲಿ. ತಂದೆಯ ಹೆಸರೂ ಮ್ಯಾಥ್ಯೂ. ಲಿಚ್‌ಫೀಲ್ಡ್ ಮೂಲದ ಆತ ಗುಂಡಿ, ಬಕಲ್ ಮುಂತಾದ ಸಣ್ಣಪುಟ್ಟ ಲೋಹದ ಸಾಮಾನುಗಳನ್ನು ಮಾಡಿಸಿ ಮಾರುತ್ತಿದ್ದ. ಮಗ ಹದಿನೈದರ ಆಸುಪಾಸಿನಲ್ಲಿ ಶಾಲೆ ಬಿಟ್ಟು ತಂದೆಯ ಕಸುಬಿಗೆ ಕೈಹಚ್ಚಿದ. ಹದಿನೇಳರ ಹರೆಯದಲ್ಲಿಯೇ ಬಕಲ್‌ಗಳಲ್ಲಿ ಬಣ್ಣದ ಎನಾಮಲ್ ಕೂರಿಸುವ ವಿಧಾನವೊಂದನ್ನು ರೂಪಿಸಿದನಂತೆ. ಆ ಬಕಲ್‌ಗಳು ಫ್ರಾನ್ಸಿಗೆ ಹೋಗಿ, ಅಲ್ಲಿಂದ ಪ್ಯಾರಿಸ್ಸಿನ ಹೊಸ ಮೋಸ್ತರಿನ ಸರಕೆಂಬ ಹೆಸರಿನಲ್ಲಿ ಮತ್ತೆ ಇಂಗ್ಲೆಂಡಿಗೇ ಬಂದು ಮಾರಾಟವಾಗುತ್ತಿದ್ದವು. ಸರಕಿನ ಗುಣಕ್ಕಿಂತ ಅದರ ಊರಿನ ಹೆಸರೇ ಬೆಲೆ ಕಟ್ಟುತ್ತದೆ ಎಂಬ ಪಾಠ ಅವನಿಗೆ ಎಳವೆಯಲ್ಲಿಯೇ ದೊರೆಯಿತು.

ಬರ್ಮಿಂಗ್‌ಹ್ಯಾಂಗೆ ಆಗ ಒಳ್ಳೆಯ ಹೆಸರಿರಲಿಲ್ಲ. ಊರಿನ ಹೆಸರಿನ ಆಡುರೂಪವಾದ ಬ್ರಮ್ಮಜೆಮ್ ಎಂಬ ಶಬ್ದಕ್ಕೆ ಅಗ್ಗದ, ನಕಲಿ ಮಾಲು ಎಂಬ ಅರ್ಥ ಅಂಟಿಕೊಂಡಿತ್ತು. ಖೋಟಾ ನಾಣ್ಯ ತಯಾರಿಕೆಗಂತೂ ಆ ಊರು ಕುಖ್ಯಾತ. ಗುಂಡಿ ಮಾಡುವ ಯಂತ್ರಕ್ಕೂ ನಾಣ್ಯ ಮಾಡುವ ಯಂತ್ರಕ್ಕೂ ಹೆಚ್ಚು ಅಂತರವಿರಲಿಲ್ಲ. ಹಗಲು ಗುಂಡಿ ಒತ್ತುವ ಕೈ ರಾತ್ರಿ ಅರೆಪೆನ್ನಿ ಒತ್ತುವುದು ಕಷ್ಟದ ಮಾತಾಗಿರಲಿಲ್ಲ. ಈ ಕಳಂಕವನ್ನು ತೊಡೆಯಬೇಕೆಂಬ ಹಟ ಬೌಲ್ಟನ್‌ನ ಬದುಕಿನುದ್ದಕ್ಕೂ ಕಾಣುತ್ತದೆ.

ಸಂಸಾರದಲ್ಲಿ ಅವನು ಸುಖಿಯೇನಲ್ಲ. 1749ರಲ್ಲಿ ಲಿಚ್‌ಫೀಲ್ಡ್‌ನ ಬಟ್ಟೆ ವ್ಯಾಪಾರಿಯ ಮಗಳು ಮೇರಿ ರಾಬಿನ್‌ಸನ್‌ಳನ್ನು ವರಿಸಿದ. ಹುಟ್ಟಿದ ಮೂರು ಹೆಣ್ಣುಮಕ್ಕಳೂ ಶೈಶವದಲ್ಲಿಯೇ ತೀರಿಕೊಂಡವು. 1759ರಲ್ಲಿ ಮೇರಿಯೂ ಮರಣಿಸಿದಳು. ಅದೇ ವರ್ಷ ತಂದೆಯೂ ಇಲ್ಲವಾದ. ಮರುವರ್ಷ ಬೌಲ್ಟನ್ ಮೇರಿಯ ತಂಗಿ ಆ್ಯನ್‌ಳನ್ನು ಮದುವೆಯಾದ. ಮಡಿದ ಹೆಂಡತಿಯ ಸೋದರಿಯನ್ನು ವರಿಸುವುದು ಚರ್ಚಿನ ನಿಯಮಕ್ಕೆ ವಿರುದ್ಧವಾಗಿದ್ದರಿಂದ ಆ ಮದುವೆ ಟೀಕೆಗೆ ಗುರಿಯಾಯಿತು. ಈ ದಾಂಪತ್ಯದಲ್ಲಿ ಮಗಳು ಆ್ಯನ್, ಮಗ ಮ್ಯಾಥ್ಯೂ ರಾಬಿನ್‌ಸನ್ ಹುಟ್ಟಿದರು.

ಸೋಹೋ ಎಂಬ ಕಾರ್ಖಾನೆ

ಇಬ್ಬರು ಹೆಂಡಿರ ಕಡೆಯಿಂದ ಬಂದ ಆಸ್ತಿಯಲ್ಲಿ ಬೌಲ್ಟನ್ ವಿಲಾಸದ ಜೀವನ ನಡೆಸಬಹುದಿತ್ತು. ಅವನು ಅದನ್ನು ಕಾರ್ಖಾನೆಗೆ ಸುರಿದ. 1761ರಲ್ಲಿ ಬರ್ಮಿಂಗ್‌ಹ್ಯಾಂ ಹೊರವಲಯದ ಹ್ಯಾಂಡ್ಸ್‌ವರ್ತ್‌ನಲ್ಲಿ ಸೋಹೋ ಎಂಬ ಜಾಗವನ್ನು ಗುತ್ತಿಗೆಗೆ ಹಿಡಿದ. ಮರುವರ್ಷ ಜಾನ್ ಫಾದರ್‌ಗಿಲ್ ಪಾಲುದಾರನಾಗಿ ಸೇರಿದ. ಕೆಲವೇ ವರ್ಷಗಳಲ್ಲಿ ಅಲ್ಲಿ ಎದ್ದುನಿಂತ ಸೋಹೋ ಕಾರ್ಖಾನೆ ನೋಡುಗರಿಗೆ ಅರಮನೆಯಂತೆ ಕಾಣುತ್ತಿತ್ತು. ಬೆಳ್ಳಿಯ ಪಾತ್ರೆ, ಬೆಳ್ಳಿ ಲೇಪದ ತಾಮ್ರದ ಸಾಮಾನು, ಚಿನ್ನದ ಮುಲಾಮಿನ ಹೂದಾನಿ ಎಲ್ಲವೂ ಒಂದೇ ಸೂರಿನಡಿ ತಯಾರಾಗುತ್ತಿದ್ದವು. ಕಾಯಿಲೆ ಬಿದ್ದ, ಪೆಟ್ಟು ತಿಂದ ಕಾರ್ಮಿಕರಿಗೆ ನೆರವಾಗಲು ಸಂಬಳದ ಒಂದು ಸಣ್ಣ ಪಾಲನ್ನು ಕೂಡಿಡುವ ವಿಮಾ ಸಂಘವೂ ಅಲ್ಲಿತ್ತು.

ಬೆಳ್ಳಿಯ ಸಾಮಾನುಗಳಿಗೆ ಶುದ್ಧತೆಯ ಮುದ್ರೆ ಹಾಕಿಸಲು ಎಪ್ಪತ್ತಕ್ಕೂ ಹೆಚ್ಚು ಮೈಲಿ ದೂರದ ಚೆಸ್ಟರ್‌ಗೆ ಕಳುಹಿಸಬೇಕಿತ್ತು. ದಾರಿಯಲ್ಲಿ ಸಾಮಾನು ಜಜ್ಜಿಹೋಗುತ್ತಿತ್ತು, ವಿನ್ಯಾಸ ಕದಿಯುವವರ ಕಣ್ಣಿಗೂ ಬೀಳುತ್ತಿತ್ತು. ಬರ್ಮಿಂಗ್‌ಹ್ಯಾಂನಲ್ಲಿಯೇ ಪರೀಕ್ಷಾ ಕಚೇರಿ ಬೇಕೆಂದು ಬೌಲ್ಟನ್ ಪಾರ್ಲಿಮೆಂಟಿನ ಬಾಗಿಲು ತಟ್ಟಿದ. ಲಂಡನ್ನಿನ ಅಕ್ಕಸಾಲಿಗರ ತೀವ್ರ ವಿರೋಧದ ನಡುವೆಯೂ 1773ರಲ್ಲಿ ಬರ್ಮಿಂಗ್‌ಹ್ಯಾಂ ಮತ್ತು ಶೆಫೀಲ್ಡ್‌ಗಳಿಗೆ ಆ ಕಚೇರಿಗಳು ಮಂಜೂರಾದವು. ಬರ್ಮಿಂಗ್‌ಹ್ಯಾಂನ ಮುದ್ರೆಯಾಗಿ ಅಂದು ಬಂದ ಲಂಗರಿನ ಚಿಹ್ನೆ ಇಂದಿಗೂ ಬಳಕೆಯಲ್ಲಿದೆ.

ವಾಟ್‌ನೊಂದಿಗಿನ ಪಾಲುದಾರಿಕೆಯ ಕಥೆ ಸುಪ್ರಸಿದ್ಧ. ವಾಟ್‌ನ ಮೊದಲ ಪೋಷಕ ಜಾನ್ ರೋಬಕ್ 1773ರಲ್ಲಿ ದಿವಾಳಿಯಾದ. ಅವನಿಂದ ಬರಬೇಕಿದ್ದ 1,200 ಪೌಂಡ್ ಸಾಲಕ್ಕೆ ಬದಲಾಗಿ ಉಗಿಯಂತ್ರದ ಹಕ್ಕುಪತ್ರದಲ್ಲಿ ಮೂರರಲ್ಲಿ ಎರಡು ಪಾಲನ್ನು ಬೌಲ್ಟನ್ ಪಡೆದ. 1775ರಲ್ಲಿ ಪಾರ್ಲಿಮೆಂಟ್ ಆ ಹಕ್ಕನ್ನು 1800ರವರೆಗೆ ವಿಸ್ತರಿಸಿತು. ಸಂಕೋಚದ ಸ್ವಭಾವದ, ಸದಾ ಚಿಂತೆಯಲ್ಲಿರುತ್ತಿದ್ದ ವಾಟ್‌ನಿಗೆ ಧೈರ್ಯ, ಹಣ, ಮಾರುಕಟ್ಟೆ ಮೂರನ್ನೂ ಒದಗಿಸಿದವನು ಬೌಲ್ಟನ್. ನೀರೆತ್ತಲು ಮಾತ್ರ ಬಳಕೆಯಾಗುತ್ತಿದ್ದ ಯಂತ್ರವನ್ನು ಚಕ್ರ ತಿರುಗಿಸುವ ಯಂತ್ರವಾಗಿ ಮಾರ್ಪಡಿಸುವಂತೆ ಒತ್ತಾಯಿಸಿದವನೂ ಅವನೇ. ಎರಾಸ್ಮಸ್ ಡಾರ್ವಿನ್, ಜೋಸೆಫ್ ಪ್ರೀಸ್ಟ್ಲಿ, ಜೊಸೈಯಾ ವೆಜ್‌ವುಡ್ ಮೊದಲಾದವರು ಹುಣ್ಣಿಮೆಯ ಆಸುಪಾಸಿನ ರಾತ್ರಿಗಳಲ್ಲಿ ಸೇರುತ್ತಿದ್ದ ಲೂನಾರ್ ಸೊಸೈಟಿಗೆ ಬೌಲ್ಟನ್‌ನ ಮನೆ ಒಂದು ಮುಖ್ಯ ನೆಲೆಯಾಗಿತ್ತು.

ಖೋಟಾ ಕಾಸಿನ ಕಾಲ

ನಾಣ್ಯದ ಕಡೆಗೆ ಬೌಲ್ಟನ್‌ನನ್ನು ತಿರುಗಿಸಿದ್ದು ತಾಮ್ರ. ಅವನ ಉಗಿಯಂತ್ರಗಳಿಗೆ ದೊಡ್ಡ ಗಿರಾಕಿಗಳು ಕಾರ್ನ್‌ವಾಲ್ ಪ್ರಾಂತ್ಯದ ತಾಮ್ರದ ಗಣಿಗಳು. ಆ ಗಣಿಗಳಲ್ಲಿ ಅವನೇ ಪಾಲು ಕೊಂಡಿದ್ದ. ಆಂಗಲ್ಸಿ ದ್ವೀಪದ ಅಗ್ಗದ ತಾಮ್ರ ಮಾರುಕಟ್ಟೆಗೆ ಬಂದಾಗ ಬೆಲೆ ಕುಸಿದು, ಕಾರ್ನ್‌ವಾಲ್‌ನ ತಾಮ್ರ ರಾಶಿರಾಶಿಯಾಗಿ ಉಳಿಯಿತು. ಅದನ್ನು ಖರ್ಚು ಮಾಡಲು ದಾರಿ ಬೇಕಿತ್ತು. ಸ್ವಾರ್ಥವೂ ಪರಾರ್ಥವೂ ಒಂದೇ ಕಡೆ ಕೈತೋರಿದ ಅಪರೂಪದ ಸಂದರ್ಭವಿದು.

ಏಕೆಂದರೆ ಬ್ರಿಟನ್ನಿನ ತಾಮ್ರದ ನಾಣ್ಯ ಆಗ ಪೂರ್ತಿ ಹದಗೆಟ್ಟಿತ್ತು. ಲಂಡನ್ನಿನ ರಾಯಲ್ ಮಿಂಟ್ 1775ರ ಬಳಿಕ ತಾಮ್ರದ ನಾಣ್ಯ ಮುದ್ರಿಸುವುದನ್ನೇ ಬಿಟ್ಟಿತ್ತು. ಚಿನ್ನ, ಬೆಳ್ಳಿಗಳು ಮಾತ್ರ ಅರಸನ ಘನತೆಗೆ ತಕ್ಕವು, ತಾಮ್ರದ ಗೊಡವೆ ತನಗೇಕೆ ಎಂಬುದು ಅದರ ಧೋರಣೆ. ಆ ತೆರವನ್ನು ತುಂಬಿದವರು ಖೋಟಾ ತಯಾರಕರು. 1786ರ ವೇಳೆಗೆ ಚಲಾವಣೆಯಲ್ಲಿದ್ದ ತಾಮ್ರದ ನಾಣ್ಯಗಳಲ್ಲಿ ಮೂರರಲ್ಲಿ ಎರಡು ಪಾಲು ನಕಲಿ ಎಂದು ಅಂದಾಜು. ಪ್ರಯಾಣದಲ್ಲಿ ಸುಂಕದ ಕಟ್ಟೆಗಳಲ್ಲಿ ತನಗೆ ಮರಳಿ ಬರುವ ಚಿಲ್ಲರೆಯೂ ಸರಾಸರಿ ಇದೇ ಪ್ರಮಾಣದಲ್ಲಿ ನಕಲಿಯಾಗಿರುತ್ತದೆ ಎಂದು ಬೌಲ್ಟನ್ 1789ರಲ್ಲಿ ಲಾರ್ಡ್ ಹಾಕ್ಸ್‌ಬರಿಗೆ ಬರೆದು ತಿಳಿಸಿದ್ದ.

ಇದರ ಪೆಟ್ಟು ತಿಂದವರು ಯಾರು? ತೂಕ ಕಡಿಮೆಯ ಖೋಟಾ ಅರೆಪೆನ್ನಿಗಳನ್ನು ಕೆಲವು ಮಾಲೀಕರು ಸೋಡಿ ಬೆಲೆಗೆ ಕೊಂಡು, ಪೂರ್ತಿ ಮುಖಬೆಲೆಯ ಲೆಕ್ಕದಲ್ಲಿ ಕೂಲಿಯವರಿಗೆ ಹಂಚುತ್ತಿದ್ದರು. ಅದನ್ನು ಹಿಡಿದು ಅಂಗಡಿಗೆ ಹೋದ ಕೂಲಿಯವನಿಗೆ ಅಂಗಡಿಯವನು ರೊಟ್ಟಿ ಕೊಡಲು ಒಪ್ಪುತ್ತಿರಲಿಲ್ಲ, ಇಲ್ಲವೇ ಬೆಲೆ ಇಳಿಸಿ ಎಣಿಸಿಕೊಳ್ಳುತ್ತಿದ್ದ. ಗಿನಿ ಎಣಿಸುವ ಶ್ರೀಮಂತನಿಗೆ ತಕ್ಕಡಿ ಇತ್ತು, ಲೇವಾದೇವಿಯವನ ನೆರವಿತ್ತು. ಅರೆಪೆನ್ನಿ ಎಣಿಸುವ ಬಡವನಿಗೆ ಯಾವುದೂ ಇರಲಿಲ್ಲ.

ಹತ್ತು ವರ್ಷಗಳ ಕಾಯುವಿಕೆ

1786ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸುಮಾತ್ರಾ ದ್ವೀಪದ ತನ್ನ ನೆಲೆಗೆ ತಾಮ್ರದ ನಾಣ್ಯ ಬೇಕೆಂದು ಬೌಲ್ಟನ್‌ಗೆ ಕೆಲಸ ವಹಿಸಿತು. ಈ ಅನುಭವದ ಬೆನ್ನಿಗೇ, 1788ರಲ್ಲಿ ಅವನು ಸೋಹೋದಲ್ಲಿ ತನ್ನದೇ ಟಂಕಸಾಲೆ ಸ್ಥಾಪಿಸಿದ. ಉಗಿಯ ಬಲದಿಂದ ನಾಣ್ಯ ಒತ್ತುವ ವಿಧಾನಕ್ಕೆ 1790ರಲ್ಲಿ ಹಕ್ಕುಪತ್ರವನ್ನೂ ಪಡೆದ.

ಅಲ್ಲಿಯವರೆಗೆ ನಾಣ್ಯ ಒತ್ತುತ್ತಿದ್ದುದು ತಿರುಪಿನ ಯಂತ್ರದಲ್ಲಿ. ತುದಿಯಲ್ಲಿ ಭಾರ ಕಟ್ಟಿದ ಉದ್ದನೆಯ ತೋಳನ್ನು ಆಳುಗಳು ಎಳೆದು ಬೀಸುತ್ತಿದ್ದರು. ಕೆಳಗೆ ಕುಳಿತವನೊಬ್ಬ ಬೆರಳು ಜಜ್ಜಿಹೋಗುವ ಭಯದಲ್ಲಿಯೇ ಲೋಹದ ಬಿಲ್ಲೆಗಳನ್ನು ಇಟ್ಟು ತೆಗೆಯುತ್ತಿದ್ದ. ತೋಳು ದಣಿದಂತೆ ಪೆಟ್ಟು ಸಡಿಲವಾಗುತ್ತಿತ್ತು. ಒಂದು ನಾಣ್ಯದಂತೆ ಇನ್ನೊಂದು ಇರುತ್ತಿರಲಿಲ್ಲ. ಈ ವ್ಯತ್ಯಾಸವೇ ಖೋಟಾದವನಿಗೆ ರಕ್ಷಣೆ. ಅಸಲಿಯೇ ಹತ್ತು ಬಗೆಯಾಗಿದ್ದರೆ ನಕಲಿಯನ್ನು ಗುರುತಿಸುವುದು ಹೇಗೆ?

ಸೋಹೋದ ಎಂಟು ಯಂತ್ರಗಳು ಉಗಿಯ ಬಲದಿಂದ ಒಂದೇ ಸಮನಾಗಿ ಬಡಿಯುತ್ತಿದ್ದವು. ಒಂದೊಂದು ಯಂತ್ರ ನಿಮಿಷಕ್ಕೆ 70ರಿಂದ 84 ನಾಣ್ಯ ಒತ್ತಬಲ್ಲದಾಗಿತ್ತು. ಬಿಲ್ಲೆಯ ಸುತ್ತ ಬಳೆಯಂಥ ಉಕ್ಕಿನ ಪಟ್ಟಿ ಇರುತ್ತಿದ್ದುದರಿಂದ ನಾಣ್ಯಗಳು ಒಂದೇ ಅಳತೆಯಲ್ಲಿ ದುಂಡಗೆ ಹೊರಬರುತ್ತಿದ್ದವು. ಯಾವ ಪೆನ್ನಿಯನ್ನು ತೆಗೆದುಕೊಂಡರೂ ಅದು ಪಕ್ಕದ ಪೆನ್ನಿಯ ಪಡಿಯಚ್ಚು. ಬೌಲ್ಟನ್‌ನ ತತ್ತ್ವ ಇದೇ. ಕಳ್ಳನನ್ನು ಶಿಕ್ಷೆಯಿಂದ ತಡೆಯುವುದಕ್ಕಿಂತ, ಕಳ್ಳನಿಗೆ ಎಟುಕದಷ್ಟು ಚೆನ್ನಾಗಿ ನಾಣ್ಯ ಮಾಡುವುದು ಲೇಸು.

ಯಂತ್ರ ಸಿದ್ಧವಾದರೂ ಸರಕಾರದ ಆದೇಶ ಬರಲಿಲ್ಲ. ಪ್ಯಾರಿಸ್ಸಿನಿಂದ ಕರೆಸಿಕೊಂಡ ಅಚ್ಚುಗಾರ ಜೀನ್ ಪಿಯರ್ ಡ್ರೋ 1788ರಲ್ಲಿ ಸುಂದರವಾದ ಮಾದರಿ ಅರೆಪೆನ್ನಿಗಳನ್ನು ಕೆತ್ತಿಕೊಟ್ಟ. ಆದರೆ ಹೇಳಿದ ಹೊತ್ತಿಗೆ ಕೆಲಸ ಮುಗಿಸದೆ ಮಾಲೀಕನೊಂದಿಗೆ ಜಗಳವಾಡಿ ಹೊರಟುಹೋದ. ಮೂರನೆಯ ಜಾರ್ಜ್ ದೊರೆ ಅದೇ ವರ್ಷ ಮನೋವ್ಯಾಧಿಗೆ ತುತ್ತಾದ. ರಾಯಲ್ ಮಿಂಟಿನ ಅಧಿಕಾರಿಗಳಂತೂ ಖಾಸಗಿಯವನ ಬರ್ಮಿಂಗ್‌ಹ್ಯಾಂ ಟಂಕಸಾಲೆಯನ್ನು ಕಂಡರೆ ಸಿಡಿಮಿಡಿಗೊಳ್ಳುತ್ತಿದ್ದರು. ಅಪಾರ ಹಣ ಸುರಿದ ಯಂತ್ರಗಳು ಸರಕಾರಿ ಕೆಲಸವಿಲ್ಲದೆ ವರ್ಷಗಟ್ಟಲೆ ಕಾದವು.

ಅಷ್ಟರಲ್ಲಿ ಬೌಲ್ಟನ್ ಸಿಕ್ಕ ಕೆಲಸಗಳನ್ನೆಲ್ಲ ಮಾಡಿದ. ಐರ್ಲೆಂಡಿನ ಕ್ರೋನ್‌ಬೇನ್ ಗಣಿಗೆ, ಗ್ಲಾಸ್ಗೋ ನಗರಕ್ಕೆ ಟೋಕನ್‌ಗಳು, ಫ್ರಾನ್ಸಿನ ಮೊನೆರೋ ಸೋದರರಿಗೆ ಟೋಕನ್‌ಗಳು, ಸಿಯೆರಾ ಲಿಯೋನ್ ಕಂಪನಿಗೆ ನಾಣ್ಯಗಳು, 1793ರಲ್ಲಿ ಬರ್ಮುಡಾ ದ್ವೀಪಕ್ಕೆ ಪೆನ್ನಿ, ಮುಂಬಯಿ ಪ್ರಾಂತ್ಯಕ್ಕೆ 1791 ಮತ್ತು 1794ರ ತಾಮ್ರದ ಪೈಸೆಗಳು ಸೋಹೋದಿಂದ ಹೊರಟವು. ಸರಕಾರಿ ಚಿಲ್ಲರೆಯ ಅಭಾವದಿಂದ ಬ್ರಿಟನ್ನಿನ ಊರೂರಿನಲ್ಲಿಯೂ ವ್ಯಾಪಾರಿಗಳು ತಾಮ್ರದ ಟೋಕನ್ ಹೊರಡಿಸುತ್ತಿದ್ದ ಕಾಲವದು. ಅವುಗಳನ್ನು ಕೂಡಿಹಾಕುವ ಹವ್ಯಾಸ ಜ್ವರದಂತೆ ಹರಡಿತು. ಸಣ್ಣ ಬೆಲೆಯ ತಾಮ್ರಕ್ಕೂ ಸಂಗ್ರಾಹಕರಿದ್ದಾರೆ ಎಂಬುದು ಬೌಲ್ಟನ್‌ನ ಗಮನಕ್ಕೆ ಬಂದದ್ದು ಸಹಜವೇ.

ಗಾಡಿಗಾಲಿ ಪೆನ್ನಿ

1797ರ ಆರಂಭದಲ್ಲಿ ಫ್ರಾನ್ಸಿನೊಂದಿಗಿನ ಯುದ್ಧದ ಭೀತಿಯಿಂದ ಜನ ಬ್ಯಾಂಕಿಗೆ ಮುಗಿಬಿದ್ದರು. ಬ್ಯಾಂಕ್ ಆಫ್ ಇಂಗ್ಲೆಂಡ್ ಕಾಗದದ ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿತು. ನಾಣ್ಯದ ಬರ ಎಲ್ಲೆಡೆ ತಲೆದೋರಿತು. ಆಗ ಸರಕಾರಕ್ಕೆ ಬೌಲ್ಟನ್‌ನ ನೆನಪಾಯಿತು. ಅವನಿಗೆ ಆಗ ಅರುವತ್ತೆಂಟು ವರ್ಷ.

ಹೊರಬಂದ ನಾಣ್ಯಗಳು ಎರಡು. ಒಂದು ಪೆನ್ನಿ, ತೂಕ ಸರಿಯಾಗಿ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ. ಇನ್ನೊಂದು ಎರಡು ಪೆನ್ನಿ, ತೂಕ ಎರಡು ಔನ್ಸ್. ಒಂದು ಬದಿಯಲ್ಲಿ ಜಾರ್ಜ್ ದೊರೆಯ ಮುಖ, ಇನ್ನೊಂದು ಬದಿಯಲ್ಲಿ ಕಡಲ ನಡುವೆ ಕುಳಿತ ಬ್ರಿಟಾನಿಯಾ. ಎರಡನ್ನೂ ಕೆತ್ತಿದವನು ಜರ್ಮನಿಯ ಕಲಾವಿದ ಕೊನ್ರಾಡ್ ಹೈನ್ರಿಕ್ ಕ್ಯೂಕ್ಲರ್. ಸುತ್ತಲೂ ಅಗಲವಾದ ಉಬ್ಬು ಅಂಚು, ಆ ಅಂಚಿನೊಳಗೆ ತಗ್ಗಿಸಿ ಕೊರೆದ ಅಕ್ಷರಗಳು. ಸಾಮಾನ್ಯ ನಾಣ್ಯದಲ್ಲಿ ಅಕ್ಷರ ಉಬ್ಬಿರುತ್ತದೆ, ಬೇಗ ಸವೆಯುತ್ತದೆ. ಇಲ್ಲಿ ಅಂಚು ಸವೆದ ಮೇಲೆಯೇ ಅಕ್ಷರ ಸವೆಯಬೇಕು. ಬಂಡಿಯ ಗಾಲಿಯಂತೆ ಕಂಡ ಈ ನಾಣ್ಯಗಳಿಗೆ ಜನ ಗಾಡಿಗಾಲಿ ಎಂದೇ ಹೆಸರಿಟ್ಟರು.

ನಾಣ್ಯದಲ್ಲಿ ಅದರ ಮುಖಬೆಲೆಗೆ ಹತ್ತಿರದ ಬೆಲೆಯ ತಾಮ್ರ ಇರಬೇಕೆಂಬುದು ಬೌಲ್ಟನ್‌ನ ಇನ್ನೊಂದು ನಿಯಮ. ಹಾಗಿದ್ದರೆ ಖೋಟಾದವನಿಗೆ ಲಾಭವೇ ಉಳಿಯದು. 4 ಕೋಟಿಗೂ ಹೆಚ್ಚು ಪೆನ್ನಿಗಳು, 7 ಲಕ್ಷಕ್ಕೂ ಹೆಚ್ಚು ಎರಡು ಪೆನ್ನಿಗಳು ಮುದ್ರಣವಾದವು. ಮುಂದಿನ ಎರಡು ವರ್ಷ ಒತ್ತಿದ ನಾಣ್ಯಗಳ ಮೇಲೂ 1797 ಎಂದೇ ಇದೆ. ಅಂಗಡಿಗಳಲ್ಲಿ ಪೆನ್ನಿಯನ್ನು ಔನ್ಸಿನ ತೂಕದ ಕಲ್ಲಿನಂತೆ ಬಳಸಿದವರೂ ಉಂಟು.

ದೋಷಗಳಿರಲಿಲ್ಲವೆಂದಲ್ಲ. ಎರಡು ಪೆನ್ನಿ ಜೇಬಿಗೆ ಭಾರವಾಯಿತು, ಅದನ್ನು ಮತ್ತೆ ಮುದ್ರಿಸಲಿಲ್ಲ. ತಾಮ್ರದ ಬೆಲೆ ಏರಿದಾಗ ನಾಣ್ಯದ ಮುಖಬೆಲೆಗಿಂತ ಲೋಹದ ಬೆಲೆಯೇ ಹೆಚ್ಚಾಗಿ, ಬಹಳಷ್ಟು ಗಾಲಿಗಳು ಕುಲುಮೆ ಸೇರಿದವು. 1799ರಲ್ಲಿ ಅರೆಪೆನ್ನಿ, ಫಾರ್ದಿಂಗ್‌ಗಳೂ, 1806 ಮತ್ತು 1807ರಲ್ಲಿ ತೂಕ ಇಳಿಸಿದ ಹೊಸ ತಾಮ್ರದ ನಾಣ್ಯಗಳೂ ಸೋಹೋದಿಂದಲೇ ಬಂದವು.

ಪ್ರೂಫ್ ನಾಣ್ಯದ ಸೊಬಗು

ಪ್ರೂಫ್ ನಾಣ್ಯವೆಂದರೆ ಚಲಾವಣೆಗಲ್ಲದೆ, ಅಚ್ಚಿನ ಗುಣ ತೋರಿಸಲು, ಗಣ್ಯರಿಗೆ ನೀಡಲು, ಸಂಗ್ರಾಹಕರಿಗೆ ಒದಗಿಸಲು ವಿಶೇಷ ಆಸ್ಥೆಯಿಂದ ಒತ್ತಿದ ನಾಣ್ಯ. ಅಚ್ಚನ್ನೂ ಬಿಲ್ಲೆಯನ್ನೂ ಚೆನ್ನಾಗಿ ಉಜ್ಜಿ ನಯಗೊಳಿಸಿ, ಹೆಚ್ಚಿನ ಒತ್ತಡದಲ್ಲಿ ಮುದ್ರಿಸಲಾಗುತ್ತದೆ. ದೊರೆಯ ಕೂದಲಿನ ಎಳೆ, ಬ್ರಿಟಾನಿಯಾಳ ಸೀರಗಿನ ಮಡಿಕೆ, ದೂರದ ಹಡಗಿನ ಹಗ್ಗ ಎಲ್ಲವೂ ಇದರಲ್ಲಿ ಸ್ಫುಟವಾಗಿ ಮೂಡುತ್ತವೆ. ಇದು ಬೌಲ್ಟನ್ ಕಂಡುಹಿಡಿದ ಪದ್ಧತಿಯೇನಲ್ಲ. ಅದನ್ನು ತಾಮ್ರದ ಚಿಲ್ಲರೆಗೂ ವ್ಯವಸ್ಥಿತವಾಗಿ ಅನ್ವಯಿಸಿ, ಅಷ್ಟೊಂದು ಬಗೆಗಳಲ್ಲಿ ಹೊರತಂದದ್ದು ಅವನ ಹಿರಿಮೆ.

ಸೋಹೋದ ಪ್ರೂಫ್‌ಗಳಲ್ಲಿ ಹಲವು ಮೈಬಣ್ಣಗಳುಂಟು. ಬರಿಯ ತಾಮ್ರದವು, ಮೇಲ್ಮೈಗೆ ಕಂದು ಮೆರುಗು ಕೊಟ್ಟ ಕಂಚುಬಣ್ಣದವು, ಚಿನ್ನದ ಮುಲಾಮಿನವು, ಬೆಳ್ಳಿಯವು, ಅತಿ ವಿರಳವಾಗಿ ಅಪ್ಪಟ ಚಿನ್ನದವು. ಒಂದು ಫಾರ್ದಿಂಗ್, ಅಂದರೆ ಪೆನ್ನಿಯ ಕಾಲುಭಾಗ, ಚಿನ್ನದ ಮುಲಾಮು ಹೊತ್ತು ರಾಜಠೀವಿಯಲ್ಲಿ ಮಿನುಗುವುದನ್ನು ಸಂಗ್ರಾಹಕರು ಇಂದಿಗೂ ಬೆರಗಿನಿಂದ ನೋಡುತ್ತಾರೆ. ಮುಖ ಸವೆಯದಂತೆ, ಗಾಳಿ ತಾಗದಂತೆ ಈ ಪ್ರೂಫ್‌ಗಳನ್ನು ಎರಡು ತೆಳು ಲೋಹದ ಚಿಪ್ಪುಗಳ ನಡುವೆ ಇಡುವ ಪದ್ಧತಿ ಸೋಹೋದಲ್ಲಿತ್ತು. ಚಿಪ್ಪಿನ ಸಮೇತ ಉಳಿದುಬಂದ ಪ್ರೂಫ್‌ಗೆ ಸಂಗ್ರಾಹಕರಲ್ಲಿ ಹೆಚ್ಚಿನ ಮನ್ನಣೆ.

ಬೌಲ್ಟನ್‌ಗೆ ಇದರಲ್ಲಿ ವ್ಯಾಪಾರದ ಉದ್ದೇಶವೂ ಇತ್ತು. ಮಂತ್ರಿಗಳ ಮೇಜಿನ ಮೇಲೆ, ಕಂಪನಿಯ ನಿರ್ದೇಶಕರ ಅಂಗೈ ಮೇಲೆ ಇಟ್ಟ ಒಂದು ಪ್ರೂಫ್ ನಾಣ್ಯ ಹತ್ತು ಪುಟದ ಅರ್ಜಿಗಿಂತ ಚೆನ್ನಾಗಿ ವಾದಿಸುತ್ತಿತ್ತು. ಅವನ ಗೆಳೆಯ, ವಿಜ್ಞಾನಿ ಜೋಸೆಫ್ ಬ್ಯಾಂಕ್ಸ್‌ನ ತಂಗಿ ಸಾರಾ ಸೋಫಿಯಾ ಬ್ಯಾಂಕ್ಸ್ ಆ ಕಾಲದ ದೊಡ್ಡ ನಾಣ್ಯ ಸಂಗ್ರಾಹಕಿ. 1818ರಲ್ಲಿ ಆಕೆ ತೀರಿಕೊಂಡ ಬಳಿಕ ಆ ಸಂಗ್ರಹ ಬ್ರಿಟಿಷ್ ಮ್ಯೂಸಿಯಂ ಮತ್ತು ರಾಯಲ್ ಮಿಂಟ್‌ಗಳ ಪಾಲಾಯಿತು. ಮಹಿಳೆಯೊಬ್ಬಳು ಪುರಾತನ ಚಿನ್ನದ ನಾಣ್ಯಗಳಷ್ಟೇ ಅಲ್ಲ, ತನ್ನ ಕಾಲದ ತಾಮ್ರದ ಚಿಲ್ಲರೆ, ಟೋಕನ್‌ಗಳನ್ನೂ ಜೋಪಾನ ಮಾಡಿದ್ದರಿಂದ ಆ ಯುಗದ ದಿನಬಳಕೆಯ ಹಣದ ಚಿತ್ರ ನಮಗೆ ಉಳಿದಿದೆ.

ಶ್ರೀರಂಗಪಟ್ಟಣ ಮತ್ತು ಕಾಸು

ಸೋಹೋದ ಅಚ್ಚುಗಳು ಕನ್ನಡ ನಾಡಿನ ಇತಿಹಾಸವನ್ನೂ ಮುಟ್ಟಿವೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಕೋಟೆ ಬಿದ್ದು, ಟಿಪ್ಪು ಸುಲ್ತಾನ್ ಹತನಾದ. ಆ ಗೆಲುವಿನ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನಿಕರಿಗೆ ಪದಕ ಕೊಡಲು ನಿಶ್ಚಯಿಸಿತು. ಪದಕ ತಯಾರಾದದ್ದು ಬೌಲ್ಟನ್‌ನ ಸೋಹೋದಲ್ಲಿ, ಕೆತ್ತಿದವನು ಗಾಡಿಗಾಲಿ ಪೆನ್ನಿಯ ಅದೇ ಕ್ಯೂಕ್ಲರ್. ಒಂದು ಬದಿಯಲ್ಲಿ ಹುಲಿಯನ್ನು ಕೆಡವಿ ಮೇಲೇರಿದ ಬ್ರಿಟನ್ನಿನ ಸಿಂಹ. ಇನ್ನೊಂದು ಬದಿಯಲ್ಲಿ ಕೋಟೆಯ ಒಡೆದ ಗೋಡೆಯತ್ತ ನುಗ್ಗುತ್ತಿರುವ ಸೇನೆ. ಹುಲಿ ಯಾರ ಲಾಂಛನವೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ.

ಈ ಪದಕದಲ್ಲಿಯೂ ಲೋಹದ ಮೇಲುಕೀಳು ಎದ್ದುಕಾಣುತ್ತದೆ. ಅತಿ ಹಿರಿಯ ಅಧಿಕಾರಿಗಳಿಗೆ ಚಿನ್ನ, ಅವರ ಕೆಳಗಿನವರಿಗೆ ಮುಲಾಮಿನ ಬೆಳ್ಳಿ, ಆಮೇಲೆ ಬೆಳ್ಳಿ, ಕಂಚು. ಕೋಟೆ ಹತ್ತಿದ ಸಾಮಾನ್ಯ ಸೈನಿಕನಿಗೆ, ಭಾರತೀಯ ಸಿಪಾಯಿಗೆ ಸಿಕ್ಕದ್ದು ತವರ. ಬಡವನ ಪೆನ್ನಿಗೂ ಗಿನಿಯಷ್ಟೇ ಆಸ್ಥೆ ಬೇಕೆಂದ ಕಾರ್ಖಾನೆಯಲ್ಲಿಯೇ ಈ ತಾರತಮ್ಯವೂ ಅಚ್ಚಾಯಿತು. ಗಿರಾಕಿ ಕೇಳಿದ್ದನ್ನು ಬೌಲ್ಟನ್ ಮಾಡಿಕೊಟ್ಟ. ಅವನ ನ್ಯಾಯಬುದ್ಧಿ ಅವನ ಹಡಗುಗಳೊಂದಿಗೆ ಕಡಲು ದಾಟಲಿಲ್ಲ.

ಯುದ್ಧದ ಬೆನ್ನಿಗೆ ಬಂದದ್ದು ಚಿಲ್ಲರೆ. ಮದ್ರಾಸ್ ಪ್ರಾಂತ್ಯಕ್ಕಾಗಿ ಸೋಹೋ 1803ರಲ್ಲಿ 1, 5, 10 ಮತ್ತು 20 ಕಾಸಿನ ತಾಮ್ರದ ನಾಣ್ಯಗಳನ್ನು, 1808ರಲ್ಲಿ ಮತ್ತೆ 10 ಹಾಗೂ 20 ಕಾಸಿನವನ್ನು ಒತ್ತಿತು. ಒಂದು ಬದಿಯಲ್ಲಿ ಕಂಪನಿಯ ಲಾಂಛನ, ಇನ್ನೊಂದರಲ್ಲಿ ಪಾರಸಿ ಬರಹ. 80 ಕಾಸಿಗೆ ಒಂದು ಹಣ, 42 ಹಣಕ್ಕೆ ಒಂದು ವರಹ ಎಂಬುದು ಅಲ್ಲಿನ ಲೆಕ್ಕ. ಇಂಗ್ಲಿಷರು ಕ್ಯಾಶ್ ಎಂದು ಬರೆದದ್ದು ನಮ್ಮ ದ್ರಾವಿಡ ಭಾಷೆಗಳ ಕಾಸನ್ನೇ. ಬಳ್ಳಾರಿ, ದಕ್ಷಿಣ ಕನ್ನಡ ಸೀಮೆಗಳು ಆಗತಾನೆ ಮದ್ರಾಸ್ ಪ್ರಾಂತ್ಯದ ತೆಕ್ಕೆಗೆ ಬಂದಿದ್ದವು. ಟಿಪ್ಪುವಿನ ಆನೆ ಮುದ್ರೆಯ ತಾಮ್ರದ ಕಾಸು ಸಾವಿರಾರು ಕೈಗಳಲ್ಲಿ ಇನ್ನೂ ಓಡಾಡುತ್ತಿದ್ದ ಕಾಲದಲ್ಲಿ, ಬರ್ಮಿಂಗ್‌ಹ್ಯಾಂನ ಯಂತ್ರದ ಕಾಸು ದಕ್ಷಿಣ ಭಾರತದ ಕರಾವಳಿಗೆ ಬಂದಿಳಿಯಿತು. 1803ರ ಈ ಕಾಸುಗಳಿಗೂ ಚಿನ್ನದ ಮುಲಾಮಿನ ಪ್ರೂಫ್‌ಗಳಿದ್ದು, ಭಾರತದ ನಾಣ್ಯ ಸಂಗ್ರಾಹಕರಿಗೆ ಅವು ಅಚ್ಚುಮೆಚ್ಚು.

1808ರ ಕಾಸುಗಳ ಒಂದು ದೊಡ್ಡ ಪಾಲು ಮದ್ರಾಸನ್ನು ಕಾಣಲೇ ಇಲ್ಲ. ಸುಮಾರು 48 ಟನ್ ನಾಣ್ಯಗಳನ್ನು ಪೀಪಾಯಿಗಳಲ್ಲಿ ಹೊತ್ತು ಹೊರಟ ಅಡ್ಮಿರಲ್ ಗಾರ್ಡ್‌ನರ್ ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕರಾವಳಿಯ ಗುಡ್ವಿನ್ ಮರಳದಿಬ್ಬಗಳಿಗೆ ಸಿಕ್ಕಿ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಆ ನಾಣ್ಯಗಳನ್ನು ಮೇಲೆತ್ತಿದರು. ಇಂದು ಸಾಮಾನ್ಯ ಸಂಗ್ರಾಹಕನಿಗೂ ಎಟುಕುವ ಸೋಹೋ ನಾಣ್ಯಗಳಲ್ಲಿ ಕಡಲಿನಿಂದ ಬಂದ ಈ 10 ಮತ್ತು 20 ಕಾಸುಗಳು ಸೇರಿವೆ.

ಕೊನೆಯ ದಿನಗಳು

1783ರಲ್ಲಿ ಎರಡನೆಯ ಹೆಂಡತಿಯೂ ಸೋಹೋದ ಕೊಳದಲ್ಲಿ ಮುಳುಗಿ ತೀರಿಕೊಂಡಿದ್ದಳು. ಆ ಬಳಿಕ ಬೌಲ್ಟನ್‌ನ ಸಂಗಾತಿಯೆಂದರೆ ಕೆಲಸವೇ. 1805ರಲ್ಲಿ ಟ್ರಾಫಲ್ಗರ್ ಕದನ ಮುಗಿದಾಗ, ಹೋರಾಡಿದ ನಾವಿಕರಿಗೆ ಸರಕಾರ ಪದಕ ಕೊಡಲಿಲ್ಲವೆಂದು ತನ್ನ ಖರ್ಚಿನಲ್ಲಿಯೇ ಪದಕ ಮಾಡಿಸಿ ಹಂಚಿದ. ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ಟಂಕಸಾಲೆಗೆ ಯಂತ್ರ ಕಳುಹಿಸಿದ. ಒಮ್ಮೆ ಅವನನ್ನು ಕಡೆಗಣಿಸಿದ್ದ ರಾಯಲ್ ಮಿಂಟ್ ಟವರ್ ಹಿಲ್‌ನಲ್ಲಿ ಹೊಸ ಕಟ್ಟಡ ಕಟ್ಟಿದಾಗ, ಅದರೊಳಗೆ ಕೂತದ್ದು ಬೌಲ್ಟನ್‌ನ ಯಂತ್ರಗಳೇ.

ಮೂತ್ರಪಿಂಡದ ಕಾಯಿಲೆಯಿಂದ ನರಳುತ್ತಿದ್ದ ಅವನು 1809ರ ಆಗಸ್ಟ್ 17ರಂದು ಸೋಹೋ ಮನೆಯಲ್ಲಿ ಕೊನೆಯುಸಿರೆಳೆದ. ಆಗಸ್ಟ್ 24ರಂದು ಹ್ಯಾಂಡ್ಸ್‌ವರ್ತ್‌ನ ಸೇಂಟ್ ಮೇರಿ ಚರ್ಚಿನಲ್ಲಿ ಅಂತ್ಯಕ್ರಿಯೆ ನಡೆಯಿತು. ಬಂದವರಿಗೆ ಅಂದಿನ ನೆನಪಿಗಾಗಿ ತಾಮ್ರದ ಬಿಲ್ಲೆಗಳನ್ನು ಕೊಡಲಾಯಿತು. ತಾಮ್ರದ ಮನುಷ್ಯನಿಗೆ ತಾಮ್ರದ ವಿದಾಯ!

ಅಚ್ಚುಗಳ ಮರುಹುಟ್ಟು

ಬೌಲ್ಟನ್‌ನ ಕಥೆ ಸಂಗ್ರಾಹಕರ ಪಾಲಿಗೆ ಅಲ್ಲಿಗೆ ಮುಗಿಯುವುದಿಲ್ಲ. ಮಗ ಮತ್ತು ಮೊಮ್ಮಗನ ಕಾಲದಲ್ಲಿ ನಡೆದುಬಂದ ಸೋಹೋ ಟಂಕಸಾಲೆ 1850ರಲ್ಲಿ ಹರಾಜಾಯಿತು. ಯಂತ್ರಗಳ ಒಂದು ಭಾಗವನ್ನು ರಾಲ್ಫ್ ಹೀಟನ್ ಕೊಂಡ, ಅದರಿಂದ ಮುಂದೆ ಬರ್ಮಿಂಗ್‌ಹ್ಯಾಂ ಮಿಂಟ್ ಬೆಳೆಯಿತು. ಹಳೆಯ ಅಚ್ಚುಗಳಲ್ಲಿ ಹಲವು ಡಬ್ಲ್ಯು. ಜೆ. ಟೇಲರ್ ಎಂಬ ಲಂಡನ್ನಿನ ಅಚ್ಚುಗಾರನ ಕೈಸೇರಿದವು. ಅವನು ಅವುಗಳ ತುಕ್ಕು ಉಜ್ಜಿ, ಸಂಗ್ರಾಹಕರಿಗಾಗಿ ಹಳೆಯ ವರ್ಷಗಳ ಪ್ರೂಫ್‌ಗಳನ್ನು ಹೊಸದಾಗಿ ಒತ್ತತೊಡಗಿದ. ಒಂದು ನಾಣ್ಯದ ಮುಂಬದಿಗೆ ಇನ್ನೊಂದರ ಹಿಂಬದಿ ಜೋಡಿಸಿದ್ದೂ ಉಂಟು.

ಹೀಗೆ, ನಕಲಿಯನ್ನು ಸೋಲಿಸಲೆಂದೇ ಕೊರೆದ ಅಚ್ಚುಗಳಿಂದಲೇ ಅಸಲಿಯಲ್ಲದ ಅಸಲಿಗಳು ಹುಟ್ಟಿಕೊಂಡವು. ಬೌಲ್ಟನ್‌ನ ಕಾಲದ ಪ್ರೂಫ್, ಅವನ ಬಳಿಕ ಸೋಹೋದಲ್ಲಿಯೇ ಒತ್ತಿದ ಪ್ರೂಫ್, ಟೇಲರ್‌ನ ಮರುಮುದ್ರಣ ಎಂಬ ಮೂರು ಬಗೆಗಳನ್ನು ವಿಂಗಡಿಸಲು ನಾಣ್ಯಶಾಸ್ತ್ರಜ್ಞರು ಬಹಳ ಶ್ರಮಪಡಬೇಕಾಯಿತು. ಸಿ. ವಿಲ್ಸನ್ ಪೆಕ್ 1960ರಲ್ಲಿ ಪ್ರಕಟಿಸಿದ, ಬ್ರಿಟಿಷ್ ಮ್ಯೂಸಿಯಂನ ತಾಮ್ರ, ತವರ ಮತ್ತು ಕಂಚಿನ ನಾಣ್ಯಗಳ ಸೂಚಿ ಈ ವಿಷಯದಲ್ಲಿ ಪ್ರಮಾಣ ಗ್ರಂಥವಾಯಿತು. ತುಕ್ಕು ತಿಂದ ಅಚ್ಚಿನ ಕುಳಿಗಳು ನಾಣ್ಯದ ಮೇಲೆ ಸಣ್ಣ ಉಬ್ಬುಚುಕ್ಕೆಗಳಾಗಿ ಮೂಡಿರುತ್ತವೆ. ಭೂತಗನ್ನಡಿಯಲ್ಲಿ ಆ ಚುಕ್ಕೆ ಕಂಡರೆ ಸಂಗ್ರಾಹಕ ಎಚ್ಚರಗೊಳ್ಳುತ್ತಾನೆ. ಎರಡು ಶತಮಾನಗಳ ಹಿಂದೆ ಕೂಲಿಯವನಿಗೆ ಅರೆಪೆನ್ನಿಯ ಮೇಲೆ ಇದ್ದ ಅನುಮಾನ ಇಂದು ಸಂಗ್ರಾಹಕನಿಗೆ ಬೌಲ್ಟನ್‌ನ ಪ್ರೂಫ್ ಮೇಲೆ! ವ್ಯತ್ಯಾಸವಿಷ್ಟೇ: ಸಂಗ್ರಾಹಕ ಕಳೆದುಕೊಳ್ಳುವುದು ಹವ್ಯಾಸದ ಹಣ, ಕೂಲಿಯವ ಕಳೆದುಕೊಳ್ಳುತ್ತಿದ್ದುದು ಆ ರಾತ್ರಿಯ ಊಟ.

ಬ್ರಿಟನ್ ಅವನನ್ನು ತಡವಾಗಿಯಾದರೂ ಗೌರವಿಸಿದೆ. ಬರ್ಮಿಂಗ್‌ಹ್ಯಾಂನಲ್ಲಿ 1956ರಲ್ಲಿ ಬೌಲ್ಟನ್, ವಾಟ್, ಮರ್ಡಾಕ್ ಮೂವರ ಹೊಂಬಣ್ಣದ ಪ್ರತಿಮೆ ಸ್ಥಾಪನೆಯಾಯಿತು. 2011ರಲ್ಲಿ ಬಂದ 50 ಪೌಂಡ್ ನೋಟಿನ ಮೇಲೆ ಅವನೂ ವಾಟ್‌ನೂ ಜೊತೆಯಾಗಿ ಕಾಣಿಸಿಕೊಂಡರು. 2022ರಲ್ಲಿ ಆ ನೋಟು ಚಲಾವಣೆಯಿಂದ ಹೊರಬಿತ್ತು. ಸೋಹೋ ಕಾರ್ಖಾನೆ ಈಗಿಲ್ಲ, ಅವನ ಮನೆ ವಸ್ತುಸಂಗ್ರಹಾಲಯವಾಗಿದೆ.

ಭಾರತದಲ್ಲಿ ಅವನ ಪ್ರಭಾವ ಬೇರೊಂದು ಬಗೆಯಲ್ಲಿ ಉಳಿಯಿತು. 1820ರ ದಶಕದಲ್ಲಿ ಕಂಪನಿ ಮುಂಬಯಿಯಲ್ಲಿ ಹೊಸ ಟಂಕಸಾಲೆ ಕಟ್ಟಿಸಿದಾಗ ಉಗಿಯಂತ್ರಗಳು ಬಂದದ್ದು ಸೋಹೋದಿಂದ. ಗಣರಾಜ್ಯ ಭಾರತದ ಮೊದಲ ನಾಣ್ಯಗಳ ಪ್ರೂಫ್ ಸೆಟ್ 1950ರಲ್ಲಿ ಸಿದ್ಧವಾದದ್ದು ಮುಂಬಯಿಯ ಟಂಕಸಾಲೆಯಲ್ಲಿಯೇ. ರೂಪಾಯಿಯಿಂದ ಹಿಡಿದು ಅರ್ಧ ಆಣೆಯವರೆಗೆ ಆರು ನಾಣ್ಯಗಳು, ಏಳನೆಯದು ಕುದುರೆಯ ಚಿತ್ರದ ಒಂದು ಪೈಸೆ. ರೂಪಾಯಿಯ 64ನೆಯ ಒಂದು ಭಾಗವಾದ ಆ ಕಂಚಿನ ಕಾಸಿಗೂ ರೂಪಾಯಿಗೆ ಕೊಟ್ಟಷ್ಟೇ ಮೆರುಗು ಕೊಡಲಾಗಿತ್ತು.